ದಾನಪತ್ರ ಬರೆದುಕೊಟ್ಟ ಮೇಲೆ ಮಗ ನೋಡಿಕೊಳ್ಳದಿದ್ದರೆ

ಪ್ರಶ್ನೆ: ನನಗೆ 71 ವರ್ಷ. ಕೊನೆಯವರೆಗೂ ನೋಡಿಕೊಳ್ಳುತ್ತೇನೆಂಬ ಮಗನ ಮಾತನ್ನು ನಂಬಿ, ನನ್ನ ಹೆಸರಿನಲ್ಲಿದ್ದ ಮನೆಯನ್ನು ಎರಡು ವರ್ಷದ ಹಿಂದೆ ಅವನಿಗೆ ದಾನಪತ್ರ ಮಾಡಿಕೊಟ್ಟೆ. ಖಾತೆಯೂ ಬದಲಾಗಿದೆ. ಈಗ ಔಷಧಿಗೂ ಹಣ ಕೊಡುವುದಿಲ್ಲ, ಮನೆ ಮಾರುವ ಮಾತಾಡುತ್ತಿದ್ದಾನೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ರದ್ದುಪತ್ರ ಬರೆಸಿದರೆ ಸಾಕೆಂದು ಪರಿಚಯದವರು ಹೇಳುತ್ತಾರೆ. ನಿಜವೇ?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಜವಲ್ಲ. ನೋಂದಣಿಯಾದ ದಾನಪತ್ರವನ್ನು ಕೊಟ್ಟವರೊಬ್ಬರೇ ಹೋಗಿ ರದ್ದು ಮಾಡಲಾಗದು. ಆ ಸಲಹೆಗೆ ಹಣ ಖರ್ಚು ಮಾಡಬೇಡಿ. ನಿಮ್ಮ ಬೇಡಿಕೆಗಳು ಎರಡು, ಮತ್ತು ಅವುಗಳ ಹಾದಿಯೂ ಬೇರೆ ಬೇರೆ.

ಮೊದಲನೆಯದು ಜೀವನಾಂಶ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯಡಿ ನಿಮ್ಮ ಉಪವಿಭಾಗಾಧಿಕಾರಿಗಳ, ಅಂದರೆ ಎಸಿಯವರ, ಮುಂದೆ ವಕೀಲರಿಲ್ಲದೆಯೂ ಅರ್ಜಿ ಸಲ್ಲಿಸಬಹುದು. ದಾನಪತ್ರದಲ್ಲಿ ಏನೇ ಬರೆದಿದ್ದರೂ ಈ ಹಕ್ಕಿಗೆ ಕುಂದಿಲ್ಲ. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಆದೇಶಿಸಲು ಕಾಯ್ದೆಯಲ್ಲಿ ಅವಕಾಶವಿದೆ. ವಿಚಾರಣೆ ನಡೆಯುತ್ತಿರುವಾಗಲೇ ಮಧ್ಯಂತರ ಭತ್ಯೆಯನ್ನೂ ಕೇಳಬಹುದು. ನೋಟಿಸು ತಲುಪಿದ 90 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕೆಂಬುದು ನಿಯಮ, ಕಚೇರಿಗಳ ಗತಿ ಬಲ್ಲವರು ಇನ್ನಷ್ಟು ದಿನ ಕಾಯಲು ಸಿದ್ಧರಿರುತ್ತಾರೆ. ನಿಮಗೆ ಹೆಣ್ಣುಮಕ್ಕಳಿದ್ದರೆ ಒಂದು ಮಾತು: ಪೋಷಣೆಯ ಹೊಣೆ ಅವರ ಮೇಲೂ ಇರುವುದರಿಂದ ಮಗ ಅವರನ್ನೂ ಪ್ರಕರಣಕ್ಕೆ ಎಳೆಯಬಹುದು, ಮೊದಲೇ ಅವರೊಂದಿಗೆ ಮಾತನಾಡಿಕೊಂಡಿರಿ.

ಎರಡನೆಯದು ಮನೆ. ಇಲ್ಲಿ ಎಲ್ಲವೂ ಪತ್ರದ ಒಕ್ಕಣೆಯನ್ನು ಅವಲಂಬಿಸಿದೆ. ಕಾಯ್ದೆಯ 23ನೇ ಕಲಮಿನ ಪ್ರಕಾರ, ತಮ್ಮ ಮೂಲಭೂತ ಅಗತ್ಯಗಳನ್ನು ಪೂರೈಸಬೇಕೆಂಬ ಷರತ್ತಿಗೆ ಒಳಪಟ್ಟು ಹಿರಿಯರು ಕೊಟ್ಟ ಆಸ್ತಿಯನ್ನು ಪಡೆದವರು ಆ ಷರತ್ತಿಗೆ ತಪ್ಪಿದರೆ, ಅದೇ ಎಸಿಯವರ ನೇತೃತ್ವದ ನ್ಯಾಯಮಂಡಳಿ ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸಬಹುದು. ಷರತ್ತೇ ಇಲ್ಲದ ಪತ್ರಕ್ಕೆ ಈ ಕಲಮು ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಆದರೆ ಹಿರಿಯರ ರಕ್ಷಣೆಗೆಂದೇ ಬಂದ ಈ ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿ, ಮಗನಿಗೆ ಕೊಟ್ಟಿದ್ದ ದಾನಪತ್ರದ ರದ್ದತಿಯನ್ನು ಎತ್ತಿಹಿಡಿಯಿತು; ಅಲ್ಲಿ ಪಾಲನೆಯ ಮಾತು ಬರಹದಲ್ಲಿತ್ತು. ಆದ್ದರಿಂದ ಪತ್ರದ ದೃಢೀಕೃತ ನಕಲು ಪಡೆದು ಸಾಲು ಸಾಲಾಗಿ ಓದಿಸಿ. ಮಗ ಬೇರೆಯಾಗಿ ಬರೆದುಕೊಟ್ಟ ಕಾಗದವಿದ್ದರೆ ಅದನ್ನೂ ಅರ್ಜಿಯೊಂದಿಗೆ ಲಗತ್ತಿಸಿ. ಮಾರಾಟಕ್ಕೆ ತಡೆ ಕೋರುವುದನ್ನು ಮರೆಯಬೇಡಿ. ಏನೂ ಬರೆದಿಲ್ಲವಾದರೆ, ವಂಚನೆ ಅಥವಾ ಅನುಚಿತ ಒತ್ತಡದಿಂದ ಪತ್ರ ಪಡೆಯಲಾಗಿದೆಯೆಂದು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದು ಉಳಿಯುತ್ತದೆ. ಅದಕ್ಕೆ ಸಾಕ್ಷ್ಯ ಬೇಕು, ಮತ್ತು ವಿಷಯ ತಿಳಿದ ಮೂರು ವರ್ಷದೊಳಗೆ ಹೂಡಬೇಕು. ನಿಮಗೆ ಈಗಾಗಲೇ ಎರಡು ವರ್ಷ ಕಳೆದಿರುವುದರಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಈ ವಾರವೇ ಕಾಣಿರಿ. ಮಹಿಳೆಯರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಮನೆಯಿಂದ ಹೊರಗೆ ಹೋಗುವುದೇ ಕಷ್ಟವೆನಿಸಿದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಪ್ರಶ್ನೆ: ಮಕ್ಕಳಿಗೆ ಮನೆ ಕೊಡಬೇಕೆಂದಿದ್ದೇನೆ. ದಾನಪತ್ರವೋ, ಉಯಿಲೋ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಉಯಿಲು. ನೀವಿರುವವರೆಗೆ ಮನೆ ನಿಮ್ಮದೇ, ಮನಸ್ಸು ಬದಲಾದರೆ ಬರಹವನ್ನೂ ಬದಲಿಸಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಕ್ಷೇಮ. ದಾನವನ್ನೇ ಕೊಡುವುದಾದರೆ ಜೀವಿತಾವಧಿಯ ವಾಸದ ಹಕ್ಕನ್ನೂ ಪೋಷಣೆಯ ಷರತ್ತನ್ನೂ ಪತ್ರದಲ್ಲೇ ಬರೆಸಿರಿ.