ಆರು ಹಕ್ಕಿಗಳ ಲೆಕ್ಕ

ವರ್ಸೋವಾದ ಹಿರಿಯರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಕಾಗದ ಕೈಸೇರಿತು. ಹದಿನಾರರ ಪ್ರಾಯದಲ್ಲಿ ಮಲ್ಪೆಯಿಂದ ಮುಂಬಯಿಗೆ ಬಂದು ನಲವತ್ತು ವರ್ಷ ಬೋಟಿನಲ್ಲಿ ದುಡಿದವರು ನೀವು. ಹೋದ ತಿಂಗಳು ನಾವು ಹಾಕಿದ ಆಮ್‌ಸ್ಟರ್‌ಡ್ಯಾಮ್ ಆಲ್ಬಟ್ರಾಸ್ ಎಂಬ ಕಡಲಹಕ್ಕಿ ಮೀನಿನ ಗಾಳಕ್ಕೆ ಬಿದ್ದು ಸಾಯುವ ಕುರಿತ ಲೇಖನ ಓದಿ ನೊಂದುಕೊಂಡಿದ್ದೀರಿ. ‘ನನ್ನ ಗಾಳಕ್ಕೆ ಒಂದು ಕಡಲಕಾಗೆಯೂ ಬಿದ್ದದ್ದಿಲ್ಲ. ಎಲ್ಲೋ ಇರುವ ಹಕ್ಕಿಗಾಗಿ ಮೀನುಗಾರರಿಗೆ ಕೊಲೆಗಾರರ ಪಟ್ಟ ಏಕೆ?’ ಎಂದು ಕೇಳಿದ್ದೀರಿ. ‘ಕೊಲೆಗಾರರು’ ಎಂಬ ಮಾತು ಲೇಖಕರದಲ್ಲ. ಶೀರ್ಷಿಕೆ ಕೊಟ್ಟವನು ನಾನು, ತಪ್ಪು ನನ್ನದೇ. ಕ್ಷಮಿಸಿ.

ಆದರೆ ಆ ಹಕ್ಕಿ ‘ಎಲ್ಲೋ’ ಇರುವುದಲ್ಲ. ಕನ್ಯಾಕುಮಾರಿಯಿಂದ ನೇರ ದಕ್ಷಿಣಕ್ಕೆ ಗೆರೆ ಎಳೆಯಿರಿ. ಐದು ಸಾವಿರ ಕಿಲೋಮೀಟರ್ ಬರೀ ನೀರು. ಆಮೇಲೆ ಸಿಗುವ ಮೊದಲ ನೆಲವೇ ಫ್ರಾನ್ಸಿಗೆ ಸೇರಿದ ಆಮ್‌ಸ್ಟರ್‌ಡ್ಯಾಮ್ ದ್ವೀಪ. ನಾವು ಕೂತಿರುವುದು ಒಂದೇ ಸಾಗರದ ಎರಡು ದಡದಲ್ಲಿ. ಆ ದ್ವೀಪದ ನೆತ್ತಿಯ ಮೇಲಿನ ಜೌಗು ಬಯಲೊಂದನ್ನು ಬಿಟ್ಟು ಈ ಹಕ್ಕಿ ಜಗತ್ತಿನಲ್ಲಿ ಬೇರೆಲ್ಲೂ ಮೊಟ್ಟೆ ಇಡುವುದಿಲ್ಲ. ಇದೊಂದು ಬೇರೆಯೇ ಜಾತಿ ಎಂದು ವಿಜ್ಞಾನಿಗಳು ಗುರುತಿಸಿದ್ದು 1983ರಲ್ಲಿ. ಆಗ ವರ್ಷಕ್ಕೆ ಮೊಟ್ಟೆ ಇಡುತ್ತಿದ್ದದ್ದು ಐದಾರು ಜೋಡಿ ಮಾತ್ರ.

ಅದರ ಸಂಸಾರ ತುಂಬ ನಿಧಾನದ್ದು. ಒಂಬತ್ತು ವರ್ಷ ತುಂಬುವ ಹೊತ್ತಿಗೆ ಮೊದಲ ಮೊಟ್ಟೆ, ಅದೂ ಒಂದೇ ಒಂದು. ಗಂಡು ಹೆಣ್ಣು ಸರದಿಯಲ್ಲಿ ಎಂಬತ್ತು ದಿನ ಕಾವು ಕೂರುತ್ತವೆ. ಒಂದು ಗೂಡಿನಲ್ಲಿದ್ದರೆ ಇನ್ನೊಂದು ಸಾವಿರಾರು ಕಿಲೋಮೀಟರ್ ಆಚೆ ಮೇವು ಹುಡುಕುತ್ತಿರುತ್ತದೆ. ಮರಿ ಹಾರಲು ಮತ್ತೆ ಏಳೆಂಟು ತಿಂಗಳು. ಹಾಗಾಗಿ ಮುಂದಿನ ಮೊಟ್ಟೆ ಎರಡು ವರ್ಷಕ್ಕೊಮ್ಮೆ. ಈಗ ವರ್ಷಕ್ಕೆ ಸುಮಾರು ಐವತ್ತು ಜೋಡಿ ಗೂಡು ಕಟ್ಟುತ್ತವೆ. ತಜ್ಞರು ಲೆಕ್ಕ ಹಾಕಿದ್ದಾರೆ: ವರ್ಷಕ್ಕೆ ಆರಕ್ಕಿಂತ ಹೆಚ್ಚು ಹಕ್ಕಿ ಗಾಳಕ್ಕೆ ಬಿದ್ದರೆ ಈ ಕುಲ ಅಳಿವಿನ ದಾರಿ ಹಿಡಿಯುತ್ತದೆ. ಆರು! ಈ ಅಂಕಿ ಓದಿದ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸೇ ಬರಲಿಲ್ಲ.

ನಿಮ್ಮ ಕೈಗಾಳಕ್ಕೂ ಇದಕ್ಕೂ ಸಂಬಂಧವಿಲ್ಲ, ಒಪ್ಪಿದೆ. ನಾನು ಹೇಳುತ್ತಿರುವುದು ನಿಮ್ಮ ಅಣ್ಣನ ಮಗ ದುಡಿಯುವಂಥ ಟ್ಯೂನಾ ಹಡಗುಗಳ ಮಾತು. ಊರಲ್ಲಿ ನೀವು ಕೇದರ ಎನ್ನುವ ಮೀನಿಗಾಗಿ ನೂರು ಕಿಲೋಮೀಟರ್ ಉದ್ದದ ಹಗ್ಗ, ಅದಕ್ಕೆ ಎರಡು ಮೂರು ಸಾವಿರ ಗಾಳ. ಹಡಗಿನ ಹಿಂಬದಿಯಿಂದ ಒಂದೊಂದೇ ಗಾಳ ನೀರಿಗೆ ಬೀಳುತ್ತದೆ. ಸಿಕ್ಕಿಸಿದ ಎರೆ ತಕ್ಷಣ ಮುಳುಗುವುದಿಲ್ಲ, ಸ್ವಲ್ಪ ಹೊತ್ತು ನೊರೆಯ ಮೇಲೆ ತೇಲುತ್ತದೆ. ಆಲ್ಬಟ್ರಾಸ್ ಆಳಕ್ಕೆ ಧುಮುಕುವ ಹಕ್ಕಿಯಲ್ಲ, ಮೇಲೆ ತೇಲುವುದನ್ನು ಹೆಕ್ಕುವ ಹಕ್ಕಿ. ಬಂದು ಕೂತು ಎರೆ ನುಂಗುತ್ತದೆ. ಗಾಳ ಗಂಟಲಿಗೆ ಕಚ್ಚುತ್ತದೆ, ಹಗ್ಗದ ಭಾರ ಕೆಳಗೆ ಎಳೆಯುತ್ತದೆ. ಮೂರು ಮೀಟರ್ ಹರಡುವ ರೆಕ್ಕೆ ನೀರಿನೊಳಗೆ ಯಾವ ಉಪಯೋಗಕ್ಕೂ ಬಾರದು. ಹಗ್ಗ ಮೇಲೆಳೆದಾಗ ನೆನೆದು ತೊಪ್ಪೆಯಾದ ಹಕ್ಕಿ ಬರುತ್ತದೆ. ಅದೇ ಹೊತ್ತಿಗೆ ದ್ವೀಪದಲ್ಲಿ ಜೊತೆಯ ಹಕ್ಕಿ ಸರದಿ ಬದಲಾಗಲೆಂದು ಕಾಯುತ್ತಿರುತ್ತದೆ. ಕೊನೆಗೆ ಹಸಿವು ತಾಳದೆ ಮೊಟ್ಟೆ ಬಿಟ್ಟೇಳುತ್ತದೆ.

ಇದಕ್ಕೆ ಮದ್ದೂ ಹಡಗಿನಲ್ಲೇ ಇದೆ. ಗಾಳವನ್ನು ರಾತ್ರಿ ಇಳಿಸುವುದು ಒಂದು. ಗಾಳದ ಬಳಿ ತೂಕ ಕಟ್ಟಿ ಬೇಗ ಮುಳುಗಿಸುವುದು ಇನ್ನೊಂದು. ಮೂರನೆಯದು, ಹಡಗಿನ ಹಿಂದೆ ಬಣ್ಣದ ಪಟ್ಟಿಗಳು ಜೋಲಾಡುವ ಬೆದರುಹಗ್ಗ. ನಮ್ಮ ಗದ್ದೆಯ ಬೆರ್ಚಪ್ಪನ ಕೆಲಸವೇ ಅದರದು. ಇದನ್ನು ಕಂಡುಹಿಡಿದವರು ಕಚೇರಿಯ ಪಂಡಿತರಲ್ಲ, ಜಪಾನಿನ ಟ್ಯೂನಾ ಮೀನುಗಾರರು. ಭಾರತವೂ ಸದಸ್ಯನಾಗಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗ, 25 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಕೆಳಗೆ ಇವುಗಳಲ್ಲಿ ಎರಡನ್ನಾದರೂ ಮಾಡಲೇಬೇಕೆಂದು 2012ರಲ್ಲಿ ನಿಯಮ ಮಾಡಿತು. ನಮೀಬಿಯಾದಲ್ಲಿ 2015ರಲ್ಲಿ ಇಂಥ ನಿಯಮ ಬಂದ ಮೇಲೆ, ತಳಮೀನಿಗೆ ಗಾಳ ಹಾಕುವ ಹಡಗುಗಳಲ್ಲಿ ಹಕ್ಕಿಗಳ ಸಾವು ಶೇ. 98ರಷ್ಟು ಇಳಿಯಿತು. ಅಲ್ಲಿನ ವಾಲ್ವಿಸ್ ಬೇ ಬಂದರಿನಲ್ಲಿ ಹೆಂಗಸರ ಗುಂಪೊಂದು ಬೆದರುಹಗ್ಗ ಕಟ್ಟಿಕೊಟ್ಟು ಸಂಪಾದನೆ ಮಾಡುತ್ತದೆ. ಮೀನೂ ಸಿಕ್ಕಿತು, ಹಕ್ಕಿಯೂ ಉಳಿಯಿತು. ಕಡಲಲ್ಲಿ ಈ ಹಕ್ಕಿಯನ್ನು ಉಳಿಸಬಲ್ಲವರು ಮೀನುಗಾರರೇ. ಶೀರ್ಷಿಕೆಯಲ್ಲಿ ನಾನು ಹೇಳಬೇಕಾಗಿದ್ದದ್ದು ಇದನ್ನು.

ದ್ವೀಪದಲ್ಲೂ ಕಷ್ಟ ಇದ್ದವು. 1871ರಲ್ಲಿ ಯಾರೋ ಬಿಟ್ಟುಹೋದ ಐದು ದನ ಎರಡು ಸಾವಿರದಷ್ಟಾಗಿ ಗೂಡು ಕಟ್ಟುವ ಬಯಲನ್ನೆಲ್ಲ ತುಳಿದಿದ್ದವು. 2010ರ ಹೊತ್ತಿಗೆ ಅವುಗಳನ್ನು ಪೂರ್ತಿ ತೆಗೆದರು.

ಇನ್ನು ಜುಲೈ ಗಾಳಿಮಳೆಯ ಮಾರನೆಯ ದಿನ ನಿಮ್ಮ ಮೊಮ್ಮಗ ಕಂಡ ಹಕ್ಕಿ. ಬಿಳಿ ಮೈ, ಕಪ್ಪು ರೆಕ್ಕೆಯಂಚು, ಮುಖವಾಡ ತೊಟ್ಟಂಥ ಕಪ್ಪು ಮುಖ ಎಂದಿದ್ದೀರಿ. ಅದು ಮಾಸ್ಕ್ಡ್ ಬೂಬಿ. ಮಳೆಗಾಲದ ಗಾಳಿಗೆ ಸಿಕ್ಕಿ ಮುಂಬಯಿ ದಡಕ್ಕೆ ಬಂದು ಬೀಳುವುದುಂಟು. ಹುಡುಗರು ಮೂರು ಸಲ ನೀರಿಗೆ ಬಿಟ್ಟರೂ ಮೂರು ಸಲವೂ ತಿರುಗಿ ಬಂತು ಎಂದು ಬರೆದಿದ್ದೀರಿ. ಅವರು ಮಾಡಿದ್ದು ಪ್ರೀತಿಯಿಂದಲೇ, ಬೈಯಬೇಡಿ. ಆದರೆ ದಣಿದ ಹಕ್ಕಿಗೆ ಆಗ ಬೇಕಾದದ್ದು ನೀರಲ್ಲ, ವಿಶ್ರಾಂತಿ. ಇನ್ನೊಮ್ಮೆ ಸಿಕ್ಕರೆ ಟವೆಲ್ ಮುಚ್ಚಿ ಹಿಡಿದು, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಕತ್ತಲಿರಲಿ, ಬಾಯಿಗೆ ಏನನ್ನೂ ಹಾಕಬೇಡಿ. ಕೊಕ್ಕು ಹರಿತ, ಕಣ್ಣು ಜೋಪಾನ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ನಿಮ್ಮಲ್ಲಿ ಒಂದು ಕೇಳಿಕೆ. ಆಮ್‌ಸ್ಟರ್‌ಡ್ಯಾಮ್ ಆಲ್ಬಟ್ರಾಸ್‌ಗಳಲ್ಲಿ ಹೆಚ್ಚಿನವಕ್ಕೆ ಕಾಲಿಗೆ ಉಂಗುರ ತೊಡಿಸಿದ್ದಾರೆ, ಅದರ ಮೇಲೆ ನಂಬರ್ ಇರುತ್ತದೆ. ಅಣ್ಣನ ಮಗ ಮುಂದಿನ ಸಲ ಫೋನ್ ಮಾಡಿದಾಗ ಹೇಳಿ: ಅಂಥ ಹಕ್ಕಿ ಗಾಳಕ್ಕೆ ಬಿದ್ದರೆ ಉಂಗುರದ ನಂಬರ್, ತಾರೀಕು, ಹಡಗು ಇದ್ದ ಜಾಗ ಬರೆದಿಟ್ಟುಕೊಳ್ಳಲಿ. ಚೀಟಿಯನ್ನು ನಮಗೆ ಕಳಿಸಿ. ಸೇರಬೇಕಾದವರಿಗೆ ಮುಟ್ಟಿಸುವ ಹೊಣೆ ನನ್ನದು.

— ಸಂಪಾದಕ