ಟಿವಿ, ಸೌಂಡ್‌ಬಾರ್ ಡಬ್ಬದ ಮೇಲಿರೋ ಆರ್ಕ್, ಅಟ್ಮಾಸ್, 5.1, ಎಚ್‌ಡಿಆರ್ ಇವೆಲ್ಲ ಏನು? ಯಾವುದಕ್ಕೆ ದುಡ್ಡು ಕೊಡಬೇಕು?

ನೀವು ಹೇಳ್ತಿರೋದು ಇಷ್ಟು: ಮನೇಲಿ 43 ಇಂಚಿನ 4ಕೆ ಟಿವಿ ಇದೆ, ಸಿನಿಮಾದಲ್ಲಿ ಡೈಲಾಗ್ ಸರಿಯಾಗಿ ಕೇಳ್ಸಲ್ಲ, ಸೌಂಡ್‌ಬಾರ್ (ಟಿವಿ ಕೆಳಗಿಡೋ ಉದ್ದನೆ ಸ್ಪೀಕರ್) ನೋಡೋಣ ಅಂತ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದ್ರೆ ಅಂಗಡಿಯವರು ಆರ್ಕ್, ಇ-ಆರ್ಕ್, ಅಟ್ಮಾಸ್ ಅಂತ ಪಟಪಟ ಹೇಳಿ ತಲೆ ಕೆಡಿಸಿ ಕಳ್ಸಿದ್ರು.

ಮೊದ್ಲು ಒಂದು ವಿಷ್ಯ ತಿಳ್ಕೊಳ್ಳಿ, ಡಬ್ಬದ ಮೇಲಿನ ಅರ್ಧ ಪದಗಳು "ಈ ಸಿಗ್ನಲ್ ಬಂದ್ರೆ ನಂಗೆ ಅರ್ಥ ಆಗತ್ತೆ" ಅಂತ ಮಾತ್ರ ಹೇಳ್ತವೆ, ಅದನ್ನ ಚೆನ್ನಾಗಿ ತೋರಿಸ್ತೀನಿ ಕೇಳಿಸ್ತೀನಿ ಅಂತಲ್ಲ. ಕಾವೇರಿ ಪೈಪ್ ರೋಡಲ್ಲಿ ಎಷ್ಟೇ ದಪ್ಪ ಇರ್ಲಿ, ನಿಮ್ಮನೆ ನಲ್ಲಿ ಸಣ್ಣದಿದ್ರೆ ಬಕೆಟ್ ತುಂಬೋದು ನಿಧಾನಾನೇ. ಆ್ಯಪ್, ಟಿವಿ, ಕೇಬಲ್, ಸ್ಪೀಕರ್ ಎಲ್ಲದಕ್ಕೂ ಇದೇ ಲೆಕ್ಕ.

ಎಚ್‌ಡಿಆರ್ ತಗೊಳ್ಳಿ. ಕತ್ತಲೆ ಮತ್ತೆ ಬೆಳಕಿನ ಮಧ್ಯೆ ಜಾಸ್ತಿ ವ್ಯತ್ಯಾಸ ತೋರಿಸೋದು ಅದರ ಕೆಲ್ಸ, ಅದಕ್ಕೆ ಪರದೆಗೆ ಒಳ್ಳೆ ಬ್ರೈಟ್‌ನೆಸ್ ಬೇಕು, ಅದನ್ನ ಅಳೆಯೋದು ನಿಟ್ಸ್ ಲೆಕ್ಕದಲ್ಲಿ. ಸುಮಾರು ಎಚ್‌ಡಿಆರ್ ಸಿನಿಮಾಗಳನ್ನ 1000 ನಿಟ್ಸ್ ಇಟ್ಕೊಂಡು ತಯಾರ್ ಮಾಡಿರ್ತಾರೆ, ಕಮ್ಮಿ ರೇಟಿನ ಟಿವಿಗಳು 300ರ ಆಸುಪಾಸಲ್ಲೇ ನಿಂತೋಗ್ತವೆ. ಹಂಗಾಗಿ ಟಿವಿ ಮೂಲೇಲಿ ಎಚ್‌ಡಿಆರ್ ಅಂತ ಬಂತು ಅಂತ ಖುಷಿ ಪಡೋಕಾಗಲ್ಲ. ಇನ್ನು 4ಕೆ ಅಂದ್ರೆ 3840 ಅಡ್ಡ 2160 ಉದ್ದದ ಚುಕ್ಕಿಗಳು ಅಷ್ಟೇ, ಅದು ನಿಮ್ಮತ್ರ ಇದ್ಯಲ್ಲ, ಬಿಡಿ.

ಈಗ ಸೌಂಡು. ಅಟ್ಮಾಸ್ ಅಂದ್ರೆ ಸುತ್ತಲಿಂದ ಅಷ್ಟೇ ಅಲ್ಲ, ತಲೆ ಮೇಲಿಂದಾನೂ ಸೌಂಡು ಬಂದಂಗೆ ಮಾಡೋ ಡಾಲ್ಬಿ ಕಂಪನಿಯ ತಂತ್ರ. ಆರ್ಕ್ ಅಂದ್ರೆ ಟಿವಿಯ ಸೌಂಡು ಎಚ್‌ಡಿಎಂಐ ಕೇಬಲ್ಲಲ್ಲೇ ವಾಪಸ್ ಸೌಂಡ್‌ಬಾರಿಗೆ ಹೋಗೋ ದಾರಿ. ಟಿವಿ ಹಿಂದೆ ಮೂರು ಎಚ್‌ಡಿಎಂಐ ಇದ್ರೂ ಸಾಮಾನ್ಯವಾಗಿ ಒಂದ್ರ ಪಕ್ಕ ಮಾತ್ರ ಆರ್ಕ್ ಅಂತ ಬರೆದಿರತ್ತೆ, ಬೇರೆದಕ್ಕೆ ಹಾಕಿದ್ರೆ ಸೌಂಡೇ ಬರಲ್ಲ. ಇ-ಆರ್ಕ್ ಅದರ ದೊಡ್ಡಣ್ಣ, ಬ್ಲೂ-ರೇ ಡಿಸ್ಕಲ್ಲಿರೋ ಕುಗ್ಗಿಸದ ಸೌಂಡೂ ಹಂಗೇ ಹೋಗತ್ತೆ. ಆದ್ರೆ ನೀವು ನೋಡೋದು ಓಟಿಟಿ ತಾನೇ, ಅಲ್ಲಿ ಬರೋ ಅಟ್ಮಾಸ್ ಕುಗ್ಗಿಸಿದ್ದು, ಟಿವಿ ಅದನ್ನ ಮುಂದಕ್ಕೆ ಕಳ್ಸೋ ಥರ ಇದ್ರೆ ಮಾಮೂಲಿ ಆರ್ಕಲ್ಲೇ ಹೋಗತ್ತೆ, ಇ-ಆರ್ಕ್ ಗೋಸ್ಕರ ಟಿವಿ ಬದಲಾಯಿಸೋ ಹುಚ್ಚು ಬೇಡ. ಆಪ್ಟಿಕಲ್ ವೈರಲ್ಲಿ ಮಾತ್ರ ಅಟ್ಮಾಸ್ ಹೋಗಲ್ಲ, 5.1 ಡಾಲ್ಬಿ ಡಿಜಿಟಲ್ ತನಕ ಸರಿ.

ಜೋಡಿಸಿ ಆದ್ಮೇಲೆ ಟಿವಿ ಸೆಟ್ಟಿಂಗ್ಸಲ್ಲಿ ಡಿಜಿಟಲ್ ಆಡಿಯೋ ಔಟ್‌ಪುಟ್ ಅಂತ ಇರತ್ತೆ, ಅದು ಪಿಸಿಎಂ (ಟಿವಿನೇ ಸೌಂಡನ್ನ ಬಿಡಿಸಿ ಕಳ್ಸೋದು) ಅಂತಿದ್ರೆ ಆಟೋ ಅಥವಾ ಪಾಸ್‌ಥ್ರೂ (ಬಂದಂಗೇ ಮುಂದಕ್ಕೆ ಕಳ್ಸೋದು) ಮಾಡಿ. ಮಾಮೂಲಿ ಆರ್ಕಲ್ಲಿ ಪಿಸಿಎಂ ಅಂದ್ರೆ ಎಡ ಬಲ ಎರಡೇ ಚಾನೆಲ್, ಎಷ್ಟು ದುಬಾರಿ ಬಾರ್ ತಂದ್ರೂ ಅದಕ್ಕೆ ಸಿಗೋದು ಬರೀ ಸ್ಟೀರಿಯೋ. ಸುಮಾರು ಜನ ಇದನ್ನ ನೋಡೋದೇ ಇಲ್ಲ, ಆಮೇಲೆ ಬಾರ್ ಸರಿಯಿಲ್ಲ ಅಂತ ರಿವ್ಯೂ ಬರೀತಾರೆ!

ಆ ನಂಬರ್‌ಗಳು ಸುಲಭ. 5.1.2 ಅಂದ್ರೆ ಮೊದಲನೇದು ಸುತ್ತಲಿನ ಚಾನೆಲ್, ಮಧ್ಯದ್ದು ಸಬ್‌ವೂಫರ್ ಅಂದ್ರೆ ಗುಮ್ ಅನ್ನೋ ಸೌಂಡಿನ ಸ್ಪೀಕರ್, ಕೊನೇದು ಮೇಲಿಂದ ಬರೋ ಸೌಂಡು. ಡಬ್ಬದ ಮೇಲೆ 2.1 ಬರೆದು ಪಕ್ಕದಲ್ಲೇ ಅಟ್ಮಾಸ್ ಅಂತಿದ್ರೆ ಎತ್ತರದ ಸ್ಪೀಕರ್ ಇಲ್ಲ, ಸಾಫ್ಟ್‌ವೇರಲ್ಲಿ ಮೇಲಿಂದ ಬಂದಂಗೆ ಭ್ರಮೆ ಹುಟ್ಟಿಸತ್ತೆ ಅಂತ ಅರ್ಥ. ಮೇಲಕ್ಕೆ ಮುಖ ಮಾಡಿರೋ ನಿಜವಾದ ಸ್ಪೀಕರ್ ಇದ್ರೂ ಸೌಂಡು ತಾರಸಿಗೆ ಬಡಿದು ಕೆಳಗೆ ಬರಬೇಕು, ಸಪಾಟಾದ ಸೀಲಿಂಗ್ ಆದ್ರೆ ಸರಿ, ನಮ್ಮೂರ ಅಪಾರ್ಟ್‌ಮೆಂಟುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಿಓಪಿ ಮಾಡ್ಸಿರ್ತಾರಲ್ಲ, ಅಲ್ಲಿ ಎಲ್ಲೆಲ್ಲಿಗೋ ಚದುರೋಗತ್ತೆ.

ನಿಮ್ಮ ತೊಂದರೆ ಡೈಲಾಗು. ಸಿನಿಮಾದಲ್ಲಿ ಮಾತು ಹೆಚ್ಚಾಗಿ ಮಧ್ಯದ ಅಂದ್ರೆ ಸೆಂಟರ್ ಚಾನೆಲ್ಲಲ್ಲಿ ಇರತ್ತೆ, 2.1ರಲ್ಲಿ ಅದಕ್ಕೆ ಬೇರೆ ಸ್ಪೀಕರ್ ಇಲ್ಲ, 3.1ರಲ್ಲಿ ಇರತ್ತೆ. ನಾನಾಗಿದ್ರೆ ಅಟ್ಮಾಸ್ ಬರೆದಿರೋ 2.1 ಬಿಟ್ಟು ಅದೇ ರೇಟಿಗೆ ಸಾದಾ 3.1 ಸಿಕ್ಕಿದ್ರೆ ಕಣ್ಮುಚ್ಕೊಂಡು ತರ್ತೀನಿ.

ಇನ್ನು ಡಬ್ಬದ ಮೇಲಿನ ವಾಟ್ಸ್, ಅಂದ್ರೆ ಸ್ಪೀಕರಿನ ಪವರ್. ಪಿಎಂಪಿಓ (ಕ್ಷಣ ಮಾತ್ರ ಬರೋ ಪವರ್) ಅಂತ ಸಾವಿರಗಟ್ಟಲೆ ಬರೆದಿದ್ರೆ ಅದನ್ನ ಓದ್ಲೇಬೇಡಿ, ಆರ್‌ಎಂಎಸ್ (ಸತತವಾಗಿ ಕೊಡೋ ಪವರ್) ಎಷ್ಟು ಅಂತ ಕೇಳಿ. ಬಂಗಾರದ ಲೇಪನದ ಕೇಬಲ್ಲೂ ಬೇಡ, ಡಬ್ಬದಲ್ಲಿ ಬಂದಿರೋದೇ ಸಾಕು. ಮತ್ತೆ ಸಬ್‌ವೂಫರ್‌ನ ಗೋಡೆ ಮೂಲೆಗೆ ಇಟ್ರೆ ಗುಮ್ ಅಂತ ಜಾಸ್ತಿ ಆಗತ್ತೆ, ಕೆಳಗಿನ ಮನೆ ಆಂಟಿ ರಾತ್ರಿ ಹತ್ತಕ್ಕೇ ಬಾಗಿಲು ತಟ್ಟಿದ್ರೆ ನನ್ನ ಹೆಸ್ರು ಹೇಳ್ಬೇಡಿ.

ಟಿವಿ ಹಿಂದೆ ಆರ್ಕ್ ಪೋರ್ಟ್ ಇದ್ಯಾ, ಹಾಲ್ ಎಷ್ಟು ದೊಡ್ಡದು ಅಂತ ಕೆಳಗೆ ಬರೀರಿ, ಅದಕ್ಕೆ ಯಾವ್ದು ಸರಿ ಹೋಗತ್ತೆ ಅಂತ ಹೇಳ್ತೀನಿ.