ಏದುಸಿರು ಇದೆ, ಬೆವರು ಇಲ್ಲ: ಹ್ಯಾನೋವೇರಿಯನ್ ಕುದುರೆ ಬಗ್ಗೆ

ನಿಮ್ಮ ಕುದುರೆಗೆ ಏನಾಗಿದೆ ಅಂತ ಕೇಳಿದ್ದಿರಿ. ಇದು ಬಹುತೇಕ ಬೆವರು ನಿಂತುಹೋಗುವ ತೊಂದರೆ, ಅನ್‌ಹೈಡ್ರೋಸಿಸ್. ಬೆಂಗಳೂರಿಂದ ಸುರತ್ಕಲ್‌ಗೆ ತಂದ ಹ್ಯಾನೋವೇರಿಯನ್ ಎರಡು ಸುತ್ತಿಗೇ ಏದುಸಿರು ಬಿಡುತ್ತದೆ, ಮೈ ಮಾತ್ರ ಒಣಗಿಯೇ ಇರುತ್ತದೆ ಅಂದಿರಲ್ವಾ, ಅದೇ ಗುರುತು. ನಮ್ಮ ಕುದುರೆಗೂ ಹೀಗೇ ಆಗಿತ್ತು. ಕತ್ತಿನ ಕೂದಲ ಕೆಳಗೆ ಕೈ ಹಾಕಿದರೆ ಸ್ವಲ್ಪ ತೇವ, ಬೆನ್ನು ಪಕ್ಕೆಯೆಲ್ಲ ಕಾದ ಹಂಚಿನ ಹಾಗೆ.

ಹ್ಯಾನೋವೇರಿಯನ್ ವಾರ್ಮ್‌ಬ್ಲಡ್ (ಬೆಚ್ಚನೆ ರಕ್ತ) ಅನ್ನುವ ಗುಂಪಿನ ತಳಿ, ಆ ಹೆಸರು ಕೇಳಿದಕೂಡಲೇ ಸೆಕೆ ತಡೆಯುತ್ತದೆ ಅಂದುಕೊಳ್ಳಬೇಡಿ. ಆ ಹೆಸರು ಸ್ವಭಾವದ್ದು: ಭಾರ ಎಳೆಯುವ ಕುದುರೆಯ ತಾಳ್ಮೆ, ರೇಸ್ ಕುದುರೆ ಥರೋಬ್ರೆಡ್‌ನ ಚುರುಕು ಎರಡೂ ಇದೆ. ಆದರೆ ಜರ್ಮನಿಯ ತಳಿ, 500 ಕಿಲೋ ದಾಟುವ ಮೈ. ಕರಾವಳಿಯ ತೇವ ಗಾಳಿಯಲ್ಲಿ ಬೆವರು ಬಂದರೂ ಆರುವುದು ಕಷ್ಟ.

ಇವತ್ತೇ ಸವಾರಿ ನಿಲ್ಲಿಸಿ. ಆಮೇಲೆ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಸುಮ್ನೆ ನಿಂತಿರುವಾಗ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. 40 ದಾಟಿದರೆ ನೆರಳಿಗೆ ತಂದು ಮೈತುಂಬ ತಣ್ಣೀರು ಸುರಿಯುತ್ತಲೇ ಇರಿ, ಜೊತೆಗೇ ಪಶುವೈದ್ಯರನ್ನು ಕರೆಸಿ. ಒದ್ದೆ ಗೋಣಿ ಹೊದಿಸಬೇಡಿ, ಶಾಖ ಒಳಗೇ ಉಳಿಯುತ್ತದೆ.

ಜ್ವರ, ಶ್ವಾಸಕೋಶದ ಕಾಯಿಲೆಯಲ್ಲೂ ಏದುಸಿರು ಬರುತ್ತದೆ, ಹಾಗಾಗಿ ನಾನು ಇಲ್ಲಿಂದಲೇ ಖಚಿತ ಹೇಳಲಾರೆ. ಬೆವರು ಬರಿಸುವ ಟರ್ಬ್ಯುಟಲಿನ್ ಔಷಧಿಯನ್ನು ಚರ್ಮಕ್ಕೆ ಚುಚ್ಚಿ ಬೆವರು ಪರೀಕ್ಷೆ ಮಾಡಬಹುದಾ ಅಂತ ವೈದ್ಯರನ್ನು ಕೇಳಿ.

ಲಾಯಕ್ಕೆ ದೊಡ್ಡ ಫ್ಯಾನ್ ಹಾಕಿಸಿ. ಕುಡಿಯುವ ನೀರು, ಉಪ್ಪು ಯಾವಾಗಲೂ ಎದುರಿಗಿರಲಿ. ವೈದ್ಯರು ಒಪ್ಪಿದ ಮೇಲೆ ಮಾತ್ರ ಬೆಳಕು ಹರಿಯುವ ಮುಂಚೆ ಸ್ವಲ್ಪ ನಡೆಸಿ. ನಂಬಬಹುದಾದ ಔಷಧಿ ಇದಕ್ಕಿಲ್ಲ. ಬೆವರು ಮರಳದಿದ್ದರೆ ಸೆಕೆಗಾಲ ಮುಗಿಯುವ ತನಕ ಬೆಂಗಳೂರಿಗೇ ಕಳಿಸಿ, ರಾತ್ರಿ ಹೊತ್ತು ಸಾಗಿಸಿ.